ಬೋಟು ನಿಲ್ಲುವ ನೀರು ಯಾಕೆ ಕೆಡುತ್ತದೆ, ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಸಮುದ್ರ ಮಾಲಿನ್ಯ ಅಂದ ತಕ್ಷಣ ನೆನಪಿಗೆ ಬರುವುದು ಟ್ಯಾಂಕರ್ ಹಡಗು ಒಡೆದು ಎಣ್ಣೆ ಹರಡಿದ ಚಿತ್ರ. ಅದು ಟಿವಿಯಲ್ಲಿ ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಸಣ್ಣ ಬೋಟುಗಳ ವಿಷಯ ಹಾಗಲ್ಲ. ಮೋಜಿಗೆ, ಮೀನಿಗೆ, ಪ್ರವಾಸಕ್ಕೆ ಓಡಾಡುವ ಬೋಟುಗಳಿಂದ ಒಂದೇ ಸಲಕ್ಕೆ ದೊಡ್ಡ ಅನಾಹುತ ಆಗುವುದು ಅಪರೂಪ. ಇಂಧನ ತುಂಬಿಸುವಾಗ ಒಂದಿಷ್ಟು ಚೆಲ್ಲುತ್ತದೆ. ತಳ ತೊಳೆಯುವಾಗ ಒಂದಿಷ್ಟು ಬಣ್ಣ ಕೆರೆದು ಹೋಗುತ್ತದೆ. ಟಾಯ್ಲೆಟ್ ಟ್ಯಾಂಕ್ ಯಾರೋ ಸದ್ದಿಲ್ಲದೆ ಖಾಲಿ ಮಾಡುತ್ತಾರೆ. ಒಂದೊಂದೂ ಚಿಕ್ಕದೇ. ನೂರಾರು ಬೋಟುಗಳು ಒಂದೇ ಕಡೆ ನಿಂತು ಇದನ್ನೇ ವರ್ಷವಿಡೀ ಮಾಡಿದರೆ ಮಾತ್ರ ಚಿಕ್ಕದಾಗಿ ಉಳಿಯುವುದಿಲ್ಲ.

ಬೋಟಿನಲ್ಲಿ ಓಡಾಡುವವರು ಈಗ ಎಲ್ಲೆಡೆ ಹೆಚ್ಚಿದ್ದಾರೆ. ಹೊಸ ಮರೀನಾ ಬರುತ್ತದೆ ಅಂದ ಕಡೆಯಲ್ಲೆಲ್ಲ 'ಕೆಲಸ ಸಿಗುತ್ತದೆ' ಅನ್ನುವವರಿಗೂ 'ನೀರು ಹಾಳಾಗುತ್ತದೆ' ಅನ್ನುವವರಿಗೂ ವಾದ ಶುರುವಾಗುತ್ತದೆ. ಆ ವಾದಕ್ಕೆ ಇಳಿಯುವ ಮೊದಲು ಬೋಟಿನಿಂದ ನೀರಿಗೆ ಏನೇನು ಸೇರುತ್ತದೆ, ಹೇಗೆ ಸೇರುತ್ತದೆ ಅನ್ನುವುದು ಗೊತ್ತಿದ್ದರೆ ಒಳ್ಳೆಯದು.

ಮರೀನಾ ಅಂದರೆ ಏನು?

ಮರೀನಾ ಅಂದರೆ ಸಣ್ಣ ಬೋಟುಗಳ ತಂಗುದಾಣ. ಸರಕು ಹಡಗುಗಳು ಬರುವ ಬಂದರು ಬೇರೆ, ಇದು ಬೇರೆ. ಬಸ್ ಡಿಪೋ ನೋಡಿದ್ದೀರಲ್ಲ? ಬಸ್ಸು ನಿಲ್ಲಿಸುವುದು, ಡೀಸೆಲ್ ಹಾಕುವುದು, ತೊಳೆಯುವುದು, ಆಯಿಲ್ ಬದಲಿಸುವುದು, ಬಣ್ಣ ಬಳಿಯುವುದು, ಎಲ್ಲ ಒಂದೇ ಆವರಣದಲ್ಲಿ. ಮರೀನಾ ಕೂಡ ಅಂಥದ್ದೇ. ಆದರೆ ಡಿಪೋದಲ್ಲಿ ಚೆಲ್ಲಿದ ಡೀಸೆಲ್ ಸಿಮೆಂಟ್ ನೆಲದ ಮೇಲೆ ಬೀಳುತ್ತದೆ, ಒರೆಸಿ ತೆಗೆಯಬಹುದು. ಮರೀನಾದಲ್ಲಿ ನೆಲವೇ ನೀರು.

ಆ ನೀರು ಹೆಚ್ಚು ಕಡಿಮೆ ನಿಂತ ನೀರು. ಅಲೆ ಹೊಡೆದರೆ ಬೋಟುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಅದಕ್ಕೇ ಮರೀನಾವನ್ನು ಕೊಲ್ಲಿಯ ಒಳಗೆ, ಇಲ್ಲವೇ ತಡೆಗೋಡೆ ಕಟ್ಟಿ ಅದರ ಮರೆಯಲ್ಲಿ ಮಾಡುತ್ತಾರೆ. ಬೋಟಿಗೆ ಬೇಕಾದ ಈ ಶಾಂತಿಯೇ ನೀರಿಗೆ ಮುಳುವು. ತೆರೆದ ಸಮುದ್ರದಲ್ಲಿ ಚೆದುರಿ ಹೋಗಬಹುದಾದ ಕೊಳೆ ಇಲ್ಲಿ ಅಲ್ಲೇ ಸುತ್ತುತ್ತದೆ, ತಳಕ್ಕೆ ಇಳಿದು ಕೆಸರಿನಲ್ಲಿ ಕೂರುತ್ತದೆ. ಸಮುದ್ರದ ಬದಿಯಾದರೆ ಉಬ್ಬರ ಇಳಿತದ ಜೊತೆ ಒಂದಿಷ್ಟು ನೀರು ಬದಲಾಗುತ್ತದೆ. ಸರೋವರದಲ್ಲಿ ಆ ಅನುಕೂಲವೂ ಇಲ್ಲ.

ಆದ್ದರಿಂದ ಒಳ್ಳೆಯ ಮರೀನಾ ಶುರುವಾಗುವುದು ನಕ್ಷೆಯಲ್ಲೇ. ನೀರು ಒಳಗೆ ಬರಲು, ಹೊರಗೆ ಹೋಗಲು ಸರಿಯಾದ ಬಾಯಿ ಇರಬೇಕು. ಚೌಕಾಕಾರದ ಮೂಲೆಗಳಲ್ಲಿ ನೀರು ಸತ್ತು ನಿಲ್ಲುತ್ತದೆ, ಮೂಲೆ ದುಂಡಗಿದ್ದರೆ ಸುಲಭವಾಗಿ ತಿರುಗುತ್ತದೆ. ಇನ್ನೊಂದು ವಿಷಯ ಅನೇಕರಿಗೆ ಹೊಳೆಯುವುದಿಲ್ಲ. ಒಳಗಿನ ಹೊಂಡ ಹೊರಗಿನ ಕಾಲುವೆಗಿಂತ ಆಳ ಇರಬಾರದು. ಇದ್ದರೆ ತಳದ ನೀರು ಹೊರಗೆ ಹೋಗುವುದೇ ಇಲ್ಲ, ಅಲ್ಲೇ ಆಮ್ಲಜನಕ ಕಳೆದುಕೊಂಡು ಕೊಳೆಯುತ್ತದೆ. ಇಲ್ಲಿ ಎಡವಿದರೆ ಆಮೇಲೆ ಬೋಟಿನವರು ಎಷ್ಟು ಜಾಗ್ರತೆ ಮಾಡಿದರೂ ಸ್ವಲ್ಪವೇ ಪ್ರಯೋಜನ.

ನೀರಿನ ಮೇಲಿನ ಕಾಮನಬಿಲ್ಲು

ಜೆಟ್ಟಿಯ ಪಕ್ಕ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಾಣುತ್ತದಲ್ಲ, ಅದು ಪೆಟ್ರೋಲ್, ಡೀಸೆಲ್ ಅಥವಾ ಇಂಜಿನ್ ಆಯಿಲ್. ಕಾಮನಬಿಲ್ಲಿನ ಬಣ್ಣ ಕಾಣಿಸಲು ಪೊರೆ 0.3 ಮೈಕ್ರಾನ್ ದಪ್ಪ ಇದ್ದರೆ ಸಾಕು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಲೆಕ್ಕ ಹಾಕಿದರೆ ಒಂದೇ ಲೀಟರ್ ಎಣ್ಣೆ ಸುಮಾರು 3,300 ಚದರ ಮೀಟರ್ ನೀರಿನ ಮೇಲೆ ಹರಡಬಲ್ಲದು. ಮುಕ್ಕಾಲು ಎಕರೆಗೂ ಜಾಸ್ತಿ.

ಪೆಟ್ರೋಲ್ ಬೇಗ ಆವಿಯಾಗುತ್ತದೆ. ಡೀಸೆಲ್ ಅಷ್ಟು ಬೇಗ ಹೋಗುವುದಿಲ್ಲ. ಎರಡರಲ್ಲೂ ಮೀನಿನ ಮೊಟ್ಟೆ, ಮರಿಗಳಿಗೆ ವಿಷವಾಗುವ ಅಂಶಗಳಿವೆ. ನೀರಿನ ಮೇಲ್ಪದರದಲ್ಲಿ ತೇಲುವ ಮೊಟ್ಟೆಗಳೂ ಎಳೆಯ ಜೀವಿಗಳೂ ಇರುತ್ತವೆ. ಎಣ್ಣೆಯ ಪೊರೆ ಕೂರುವುದೂ ಅದೇ ಪದರದಲ್ಲಿ.

ಇಷ್ಟು ಚೆಲ್ಲುವುದು ಎಲ್ಲಿಂದ? ಬಹುಪಾಲು ಇಂಧನ ತುಂಬಿಸುವಾಗ. ಕಾರಿಗೆ ಪೆಟ್ರೋಲ್ ಹಾಕಿಸುವಾಗ ಟ್ಯಾಂಕ್ ತುಂಬಿದರೆ ನಾಝಲ್ ಟಕ್ ಅಂತ ನಿಲ್ಲುತ್ತದೆ. ಬೋಟಿನಲ್ಲಿ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಇಂಧನ ಹಾಕುವ ಬಾಯಿ ಡೆಕ್ಕಿನ ಮೇಲೆ, ಟ್ಯಾಂಕ್ ಎಲ್ಲೋ ಕೆಳಗೆ. ಟ್ಯಾಂಕಿನೊಳಗಿನ ಗಾಳಿ ಹೊರಹೋಗಲು ಒಂದು ಸಣ್ಣ ನಳಿಗೆ ಇರುತ್ತದೆ, ಅದರ ತುದಿ ಸಾಮಾನ್ಯವಾಗಿ ಬೋಟಿನ ಹೊರ ಬದಿಯಲ್ಲಿ, ನೀರಿನ ಕಡೆಗೆ. ಟ್ಯಾಂಕ್ ತುಂಬುತ್ತಾ ಬಂದಂತೆ ಆ ನಳಿಗೆಯಿಂದ ಬರುವ ಗಾಳಿಯ ಸದ್ದು ಬದಲಾಗುತ್ತದೆ. ಅನುಭವ ಇದ್ದವರು ಕಿವಿಗೊಟ್ಟು ಅಲ್ಲೇ ನಿಲ್ಲಿಸುತ್ತಾರೆ. ಇಲ್ಲದವರು ಇನ್ನೊಂದು ಸಲ ಒತ್ತುತ್ತಾರೆ. ಗುಳಗುಳ ಅಂದು ಇಂಧನ ನಳಿಗೆಯಿಂದ ಚಿಮ್ಮಿ ನೇರ ನೀರಿಗೆ.

ತುಂಬಿಸಿದವರು ಡೆಕ್ಕಿನ ಮೇಲೆ, ಬಾಯಿಯ ಹತ್ತಿರ ನಿಂತಿರುತ್ತಾರೆ. ಚೆಲ್ಲಿದ್ದು ಆ ಕಡೆ ಬದಿಯಲ್ಲಿ. ಎಷ್ಟೋ ಸಲ ಅವರಿಗೆ ಗೊತ್ತೇ ಆಗುವುದಿಲ್ಲ.

ಅಂಚಿನವರೆಗೆ ತುಂಬಿಸಿ ಚೆಲ್ಲದೆ ಮುಗಿಸಿದರೂ ಕಥೆ ಮುಗಿಯಲಿಲ್ಲ. ಬಂಕಿನ ಟ್ಯಾಂಕ್ ನೆಲದಡಿ ಇದ್ದರೆ ಪೆಟ್ರೋಲ್ ತಣ್ಣಗಿರುತ್ತದೆ. ಬಿಸಿಲಿಗೆ ಬೋಟು ಕಾಯ್ದಾಗ ಅದು ಹಿಗ್ಗುತ್ತದೆ. 100 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 2 ಲೀಟರ್ ಹೆಚ್ಚಾಗುತ್ತದೆ. ಟ್ಯಾಂಕಿನಲ್ಲಿ ಜಾಗ ಇಲ್ಲ ಅಂದರೆ ಅದು ಬರುವುದು ಅದೇ ನಳಿಗೆಯಿಂದ. ಆದ್ದರಿಂದ ಟ್ಯಾಂಕಿನ ಹತ್ತರಲ್ಲಿ ಒಂದು ಪಾಲು ಖಾಲಿ ಬಿಡುವುದು ರೂಢಿ. ಎಷ್ಟು ಲೀಟರ್ ಹಿಡಿಸುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಅಷ್ಟೇ ಹಾಕಿಸಬೇಕು. ನಳಿಗೆಯ ಬಾಯಿಗೆ ಎಣ್ಣೆ ಹೀರುವ ಪ್ಯಾಡ್ ಒತ್ತಿ ಹಿಡಿಯಬೇಕು. ಕೈಯಲ್ಲಿ ಎತ್ತಬಹುದಾದ ಸಣ್ಣ ಟ್ಯಾಂಕ್ ಆದರೆ ದಡಕ್ಕೆ ಒಯ್ದು ತುಂಬಿಸುವುದೇ ವಾಸಿ. ನಳಿಗೆಗೆ ಕೂಡಿಸುವ, ಗಾಳಿಯನ್ನು ಬಿಟ್ಟು ಇಂಧನವನ್ನು ವಾಪಸ್ ಟ್ಯಾಂಕಿಗೆ ಇಳಿಸುವ ಸಣ್ಣ ಉಪಕರಣಗಳೂ ಸಿಗುತ್ತವೆ.

ಇಷ್ಟಾದರೂ ಚೆಲ್ಲಿತು ಅನ್ನಿ. ಆಗ ಕೈ ಹೋಗುವುದು ಪಾತ್ರೆ ತೊಳೆಯುವ ಸೋಪಿಗೆ. ನಾಲ್ಕು ಹನಿ ಬಿಟ್ಟರೆ ಬಣ್ಣದ ಪೊರೆ ಮಾಯ! ಆದರೆ ಎಣ್ಣೆ ಎಲ್ಲೂ ಹೋಗಿಲ್ಲ. ಸೋಪು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಇಳಿಸಿದೆ. ಮೇಲೆ ತೇಲುತ್ತಿದ್ದಾಗ ಪ್ಯಾಡ್ ಹಾಕಿ ಹೀರಿಸಬಹುದಿತ್ತು. ಈಗ ಸಾಧ್ಯವಿಲ್ಲ. ಸೋಪು ಬೇರೆ ಮೀನಿನ ಕಿವಿರಿಗೆ ಕೆಟ್ಟದ್ದು. ಚೆಲ್ಲಿದ ಎಣ್ಣೆಗೆ ಸೋಪು ಹಾಕುವುದು ಅಮೆರಿಕದಂಥ ಕಡೆ ಕಾನೂನಿಗೆ ವಿರುದ್ಧ. ಮಾಡಬೇಕಾದದ್ದು ಮೂರೇ. ಸೋರುವುದನ್ನು ನಿಲ್ಲಿಸುವುದು, ಹೀರುವ ಪ್ಯಾಡ್ ಹಾಕುವುದು, ಮರೀನಾದ ಕಚೇರಿಗೆ ಕೂಡಲೇ ಹೇಳುವುದು.

ಬಿಲ್ಜ್: ಬೋಟಿನ ಹೊಟ್ಟೆಯ ನೀರು

ಬೋಟಿನ ಒಳಗೆ ತೀರಾ ಕೆಳಗಿನ ಜಾಗಕ್ಕೆ ಬಿಲ್ಜ್ ಅನ್ನುತ್ತಾರೆ. ಮಳೆ ನೀರು, ಅಲೆ ಎರಚಿದ ನೀರು, ಸಣ್ಣಪುಟ್ಟ ಸೋರಿಕೆ ಎಲ್ಲ ಕೊನೆಗೆ ಇಲ್ಲೇ ಬಂದು ಸೇರುತ್ತದೆ. ಇಂಜಿನ್ನಿಂದ ತೊಟ್ಟಿಕ್ಕುವ ಆಯಿಲ್ ಕೂಡ. ಇದನ್ನು ಹೊರಹಾಕಲು ಪಂಪ್ ಇರುತ್ತದೆ. ನೀರು ಒಂದು ಮಟ್ಟ ಮುಟ್ಟಿದರೆ ತೇಲುವ ಸ್ವಿಚ್ ಮೇಲೆದ್ದು ಪಂಪ್ ತಾನೇ ಶುರುವಾಗುತ್ತದೆ. ಬೋಟು ಮುಳುಗದಂತೆ ಕಾಯುವುದು ಇದೇ. ಆದರೆ ಪಂಪಿಗೆ ನೀರು ಯಾವುದು, ಎಣ್ಣೆ ಯಾವುದು ಅಂತ ಗೊತ್ತಿಲ್ಲ. ಮಾಲೀಕರು ಮನೆಯಲ್ಲಿ ಮಲಗಿರುವಾಗ ಮರೀನಾದಲ್ಲಿ ಬೋಟು ಎಣ್ಣೆ ನೀರನ್ನು ಹೊರಗೆ ಉಗುಳುತ್ತಿರಬಹುದು.

ದೊಡ್ಡ ಹಡಗುಗಳಿಗೆ ಈ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮ ಇದೆ. ಅದರ ಹೆಸರು ಮಾರ್ಪೋಲ್. 1973ರಲ್ಲಿ ಒಪ್ಪಿ, 1978ರಲ್ಲಿ ತಿದ್ದಿದ ಈ ಒಪ್ಪಂದದ ಪ್ರಕಾರ ಹಡಗು ಹೊರಬಿಡುವ ಬಿಲ್ಜ್ ನೀರಿನಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ಮೀರಬಾರದು. ಅದಕ್ಕೆ ಹಡಗಿನಲ್ಲಿ ಎಣ್ಣೆ ಬೇರ್ಪಡಿಸುವ ಯಂತ್ರ ಇರುತ್ತದೆ. ಸಣ್ಣ ಬೋಟಿನಲ್ಲಿ ಅದಕ್ಕೆ ಜಾಗವೂ ಇಲ್ಲ, ದುಡ್ಡೂ ಸಾಲದು. ಅಲ್ಲಿ ಕೆಲಸಕ್ಕೆ ಬರುವುದು ಅಗ್ಗದ ಉಪಾಯ: ಪಾಲಿಪ್ರೊಪಿಲೀನ್ ನಾರಿನ ಪ್ಯಾಡ್ ಅಥವಾ ಉದ್ದನೆಯ ದಿಂಬು. ಈ ನಾರು ಎಣ್ಣೆಯನ್ನು ಹೀರುತ್ತದೆ, ನೀರನ್ನು ಹತ್ತಿರ ಸೇರಿಸುವುದಿಲ್ಲ. ಬಿಲ್ಜಿನಲ್ಲಿ ಒಂದನ್ನು ಕಟ್ಟಿ ಬಿಟ್ಟರೆ ಸಾಕು. ಕಟ್ಟದೆ ಸುಮ್ನೆ ಎಸೆದರೆ ಅದೇ ಸ್ವಿಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಇಂಜಿನ್ ಕೆಳಗೆ ಒಂದು ತಟ್ಟೆ, ಹಳೆಯ ಸೀಲ್‌ಗಳನ್ನು ಕಾಲಕಾಲಕ್ಕೆ ಬದಲಿಸುವುದು, ಇಷ್ಟಾದರೆ ಬಿಲ್ಜಿಗೆ ಎಣ್ಣೆ ಸೇರುವುದೇ ಕಡಿಮೆಯಾಗುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಮಾಮೂಲಿ ಕಸಕ್ಕೆ ಹಾಕುವ ಹಾಗಿಲ್ಲ, ಅಪಾಯಕಾರಿ ಕಸದ ಡಬ್ಬಿಗೆ ಹೋಗಬೇಕು. ಆ ಡಬ್ಬಿ ಇಡುವುದು ಮರೀನಾದ ಕೆಲಸ.

ಹಳೆಯ ಟೂ ಸ್ಟ್ರೋಕ್ ಇಂಜಿನ್

ಬೋಟಿನ ಹಿಂದೆ ನೇತುಹಾಕುವ ಹಳೆಯ ಕಾಲದ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಸ ಇಂಧನ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಒಳಬಂದ ಇಂಧನದಲ್ಲಿ ಒಂದಿಷ್ಟು ಉರಿಯುವ ಮೊದಲೇ ಹೊಗೆಯ ಜೊತೆ ಹೊರಟುಬಿಡುತ್ತದೆ. ಕಾರ್ಬ್ಯುರೇಟರ್ ಇರುವ ಇಂಥ ಇಂಜಿನ್ನುಗಳಲ್ಲಿ ಇಂಧನದ ಕಾಲು ಭಾಗದಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ, ಹೀಗೆ ಉರಿಯದೆ ಹೋಗುತ್ತದೆ. ಇಂಥ ಇಂಜಿನ್ನಿನ ಹೊಗೆ ಬಿಡುವುದು ನೀರಿನೊಳಗೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಕೂಡ ಜೊತೆಗೇ ಹೋಗುತ್ತದೆ. ನಾಲ್ಕು ಲೀಟರ್ ಕೊಂಡರೆ ಒಂದು ಲೀಟರ್ ನೀರಿಗೆ ಸುರಿದ ಲೆಕ್ಕ.

ಅಮೆರಿಕದ ಟಾಹೋ ಸರೋವರದಲ್ಲಿ 1999ರಿಂದಲೇ ಇವುಗಳಿಗೆ ನಿಷೇಧ ಇದೆ. ಫೋರ್ ಸ್ಟ್ರೋಕ್ ಅಥವಾ ಇಂಧನವನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಹೊಸ ಟೂ ಸ್ಟ್ರೋಕ್‌ಗಳಲ್ಲಿ ಈ ಪೋಲು ತುಂಬಾ ಕಡಿಮೆ. ಬ್ಯಾಟರಿ ಮೋಟಾರಿನಲ್ಲಿ ಹೊಗೆಯೂ ಇಲ್ಲ, ಚೆಲ್ಲುವುದೂ ಇಲ್ಲ. ಹಾಗಂತ ಬ್ಯಾಟರಿ ಬೋಟು ಪೂರ್ತಿ ಶುದ್ಧ ಅನ್ನಲು ಬರುವುದಿಲ್ಲ. ಮುಂದೆ ಹೇಳುವ ಬಣ್ಣ, ಟಾಯ್ಲೆಟ್, ಲಂಗರು ಎಲ್ಲ ಅದಕ್ಕೂ ಇವೆ.

ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತದೆ?

ಇದರ ಬಗ್ಗೆ ಮಾತಾಡಲು ಎಲ್ಲರಿಗೂ ಸಂಕೋಚ. ಆದರೆ ಮಲಗುವ ವ್ಯವಸ್ಥೆ ಇರುವ ಬೋಟುಗಳಲ್ಲಿ ಮುಖ್ಯ ಪ್ರಶ್ನೆ ಇದೇ.

ಬೋಟಿನ ಟಾಯ್ಲೆಟ್ ಮನೆಯದಕ್ಕಿಂತ ತುಂಬಾ ಕಡಿಮೆ ನೀರು ಬಳಸುತ್ತದೆ. ಹಾಗಾಗಿ ಹೊರಬರುವ ಕೊಳಚೆ ಗಟ್ಟಿ. ಅದರಿಂದ ಎರಡು ತೊಂದರೆ. ಒಂದು, ರೋಗಾಣು. ಕಪ್ಪೆಚಿಪ್ಪು, ಸಿಂಪಿ ಇವೆಲ್ಲ ನೀರು ಸೋಸಿ ಬದುಕುವ ಜೀವಿಗಳು. ನೀರಿನಲ್ಲಿರುವ ರೋಗಾಣು ಅವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ, ತಿಂದವರಿಗೆ ಕಾಯಿಲೆ ಬರುತ್ತದೆ. ಎರಡನೆಯದು ನಿಧಾನದ್ದು. ಕೊಳಚೆಯಲ್ಲಿರುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರ. ಪಾಚಿ ಸೊಕ್ಕಿ ಬೆಳೆದು ಸಾಯುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. 10 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ರಾತ್ರಿ ಪಾಚಿಯೂ ಆಮ್ಲಜನಕ ಬಳಸುವುದರಿಂದ ಮಟ್ಟ ತೀರಾ ಇಳಿಯುವುದು ಬೆಳಗಿನ ಜಾವ. ಬೇಸಿಗೆಯಲ್ಲಿ ಮುಂಜಾನೆ ಮೀನು ಸತ್ತು ತೇಲುವುದಕ್ಕೆ ಇದೊಂದು ಕಾರಣ.

ಪರಿಹಾರ ಸರಳ. ಕೊಳಚೆಯನ್ನು ಬೋಟಿನ ಟ್ಯಾಂಕಿನಲ್ಲಿ ಹಿಡಿದಿಟ್ಟು, ದಡಕ್ಕೆ ಬಂದಾಗ ಪಂಪ್ ಮಾಡಿ ಚರಂಡಿ ಜಾಲಕ್ಕೆ ಸೇರಿಸುವುದು. ಹಲವು ಬೋಟುಗಳಲ್ಲಿ ಎರಡು ದಾರಿಯ ಒಂದು ವಾಲ್ವ್ ಇರುತ್ತದೆ. ಒಂದು ಕಡೆ ತಿರುಗಿಸಿದರೆ ಟ್ಯಾಂಕಿಗೆ, ಇನ್ನೊಂದು ಕಡೆ ತಿರುಗಿಸಿದರೆ ಸಮುದ್ರಕ್ಕೆ. ಕೊಳಚೆ ಬಿಡಲೇಬಾರದು ಅಂತ ಗುರುತಿಸಿದ ನೀರಿನಲ್ಲಿ ಆ ವಾಲ್ವನ್ನು ಟ್ಯಾಂಕಿನ ಕಡೆ ತಿರುಗಿಸಿ ಬೀಗ ಹಾಕಬೇಕು ಅನ್ನುವ ನಿಯಮವೂ ಇದೆ. ಮಾರ್ಪೋಲ್ ಪ್ರಕಾರ ದೊಡ್ಡ ಹಡಗುಗಳು ಸಂಸ್ಕರಿಸದ ಕೊಳಚೆಯನ್ನು ದಡದಿಂದ 12 ನಾಟಿಕಲ್ ಮೈಲಿ ಆಚೆ, ಅಂದರೆ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಚಲಿಸುತ್ತಾ ನಿಧಾನವಾಗಿ ಬಿಡಬಹುದು. ಸಣ್ಣ ಬೋಟುಗಳ ನಿಯಮ ದೇಶಕ್ಕೊಂದು ತರಹ.

ಆದರೆ ನಿಯಮ ಇದ್ದು ಪಂಪ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ತುಂಬಿದ ಟ್ಯಾಂಕ್ ಇಟ್ಟುಕೊಂಡು ಯಾರೂ ಅಲೆಯುವುದಿಲ್ಲ, ಅಲ್ವಾ? ಅಮೆರಿಕ 1992ರಲ್ಲಿ ಇದಕ್ಕೇ ಒಂದು ಕಾಯ್ದೆ ತಂದು ಮರೀನಾಗಳಲ್ಲಿ ಪಂಪ್ ಹಾಕಲು ಸರ್ಕಾರದಿಂದ ಹಣ ಕೊಡಲು ಶುರುಮಾಡಿತು. ಪಂಪ್ ಕೈಗೆ ಸಿಗುವಂತಿರಬೇಕು, ಕೆಟ್ಟು ನಿಂತಿರಬಾರದು, ಶುಲ್ಕ ಕಡಿಮೆ ಇರಬೇಕು. ನೀತಿ ಪಾಠಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ತಳದ ಬಣ್ಣದಲ್ಲಿ ವಿಷ

ನೀರಿನಲ್ಲಿ ಏನೇ ಇಟ್ಟರೂ ಅದರ ಮೇಲೆ ಜೀವ ಬೆಳೆಯುತ್ತದೆ. ಮೊದಲು ಲೋಳೆ, ಆಮೇಲೆ ಪಾಚಿ, ಆಮೇಲೆ ಬಾರ್ನಕಲ್ ಅನ್ನುವ, ಕಲ್ಲಿನಷ್ಟು ಗಟ್ಟಿ ಚಿಪ್ಪಿನ ಸಣ್ಣ ಜೀವಿ. ಬೋಟಿನ ತಳಕ್ಕೆ ಇವು ಹತ್ತಿಕೊಂಡರೆ ನೀರಿನ ಎಳೆತ ಹೆಚ್ಚುತ್ತದೆ, ವೇಗ ಇಳಿಯುತ್ತದೆ, ಇಂಧನ ಜಾಸ್ತಿ ಬೇಕಾಗುತ್ತದೆ. ಆದ್ದರಿಂದ ತಳಕ್ಕೆ ವಿಷ ಬೆರೆತ ಬಣ್ಣ ಬಳಿಯುತ್ತಾರೆ. ಬಣ್ಣ ನಿಧಾನವಾಗಿ ವಿಷ ಬಿಡುತ್ತಾ ಇರಬೇಕು, ಅದರ ಕೆಲಸವೇ ಅದು. ಇಲ್ಲಿಯವರೆಗೆ ಹೇಳಿದ್ದೆಲ್ಲ ಅಜಾಗ್ರತೆಯಿಂದ ಆಗುವ ಮಾಲಿನ್ಯ. ಇದು ಮಾತ್ರ ಬೇಕಂತಲೇ ಮಾಡುವುದು.

ಹಿಂದೆ ಟಿಬಿಟಿ ಅನ್ನುವ, ತವರದಿಂದ ಮಾಡಿದ ರಾಸಾಯನಿಕ ಬಳಸುತ್ತಿದ್ದರು. ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿ ಸಿಂಪಿ ಸಾಕಣೆಗೆ ಹೆಸರಾದದ್ದು. ಮೋಜಿನ ಬೋಟುಗಳೂ ಅಲ್ಲಿ ಬೇಕಾದಷ್ಟು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಸಿಂಪಿಗಳ ಸಂತಾನ ನಿಂತುಹೋಯಿತು. ಬದುಕಿದ್ದವುಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಒಳಗಿನ ಮಾಂಸಕ್ಕೆ ಜಾಗವೇ ಇಲ್ಲದಂತೆ. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಟಿಬಿಟಿ. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ಬೋಟುಗಳಿಗೆ ಅದನ್ನು ನಿಷೇಧಿಸಿತು. ಇದೇ ವಿಷದಿಂದ ಒಂದು ಜಾತಿಯ ಕಡಲ ಬಸವನಹುಳುವಿನ ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆಯುವುದು ಗೊತ್ತಾಯಿತು. ಲೀಟರಿಗೆ ಒಂದು ನ್ಯಾನೋಗ್ರಾಂ ಆಸುಪಾಸು ಇದ್ದರೂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಜಗತ್ತಿನ ಎಲ್ಲ ಹಡಗುಗಳಿಗೂ ಅನ್ವಯಿಸುವ ಒಪ್ಪಂದ ಆದದ್ದು 2001ರಲ್ಲಿ. ಜಾರಿಗೆ ಬಂದದ್ದು 2008ರಲ್ಲಿ. ಸಿಂಪಿಯ ಚಿಪ್ಪಿನಲ್ಲಿ ಸುಳಿವು ಸಿಕ್ಕಿದ ಮೇಲೂ ಇಷ್ಟು ವರ್ಷ ಹಿಡಿಯಿತು.

ಈಗ ಹೆಚ್ಚಾಗಿ ಬಳಸುವುದು ತಾಮ್ರದ ಬಣ್ಣ. ಟಿಬಿಟಿಗೆ ಹೋಲಿಸಿದರೆ ಎಷ್ಟೋ ವಾಸಿ. ಆದರೆ ತಾಮ್ರ ಕೊಳೆಯುವ ವಸ್ತುವಲ್ಲ, ಕೆಸರಿನಲ್ಲಿ ಕೂತೇ ಇರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಉಪ್ಪುನೀರಿನ ಜೀವಿಗಳಿಗೆ ದೀರ್ಘಕಾಲಕ್ಕೆ ಇಟ್ಟ ಮಿತಿ ಲೀಟರಿಗೆ 3.1 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಒಂದು ಗ್ರಾಂ ತಾಮ್ರ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಮಿತಿಗೆ ಮುಟ್ಟಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಶೆಲ್ಟರ್ ಐಲೆಂಡ್ ಅನ್ನುವ ಬೋಟು ತಂಗುದಾಣದ ನೀರಿನಲ್ಲಿ ತಾಮ್ರ ಮಿತಿ ಮೀರಿದ್ದರಿಂದ, ಅದಕ್ಕಾಗಿಯೇ 2005ರಲ್ಲಿ ತಾಮ್ರ ಇಳಿಸುವ ಯೋಜನೆ ಮಾಡಬೇಕಾಯಿತು.

ಹಾಗಾದರೆ ಬಣ್ಣವೇ ಬೇಡವೇ? ಅಷ್ಟು ಸುಲಭವಲ್ಲ. ಬಣ್ಣ ಇಲ್ಲದ ತಳಕ್ಕೆ ಪಾಚಿ ಹತ್ತಿ ಇಂಧನ ಜಾಸ್ತಿ ಉರಿದರೆ ಆ ಹೊಗೆಯ ಲೆಕ್ಕವೂ ಇದೆ. ಒಂದು ನೀರಿನ ಜೀವಿಗಳನ್ನು ಹೊತ್ತು ಇನ್ನೊಂದು ನೀರಿಗೆ ಹೋಗುವ ಅಪಾಯವೂ ಇದೆ. ಅಪರೂಪಕ್ಕೆ ಓಡಿಸುವ ಸಣ್ಣ ಬೋಟಾದರೆ ನೀರಿನಿಂದ ಎತ್ತಿ ಟ್ರೇಲರ್ ಮೇಲೆ ಇಡುವುದು ಎಲ್ಲಕ್ಕಿಂತ ಒಳ್ಳೆಯದು, ಬಣ್ಣದ ಅಗತ್ಯವೇ ಬೀಳುವುದಿಲ್ಲ. ಸಿಲಿಕೋನ್ ಲೇಪನ ಇನ್ನೊಂದು ದಾರಿ. ಅದು ಜೀವಿಗಳನ್ನು ಕೊಲ್ಲುವುದಿಲ್ಲ, ಹಿಡಿತ ಸಿಗದಂತೆ ಜಾರಿಸುತ್ತದೆ. ಆದರೆ ಬೋಟು ಆಗಾಗ ಓಡುತ್ತಿರಬೇಕು, ತಿಂಗಳುಗಟ್ಟಲೆ ನಿಂತರೆ ಅದಕ್ಕೂ ಹತ್ತುತ್ತದೆ.

ತಾಮ್ರದ ಬಣ್ಣ ಇದ್ದರೂ ಅದನ್ನು ಎಲ್ಲಿ, ಹೇಗೆ ತೊಳೆಯುತ್ತಾರೆ ಅನ್ನುವುದು ಮುಖ್ಯ. ಮೆತ್ತನೆ ಬಣ್ಣದ ತಳವನ್ನು ನೀರಿನಲ್ಲೇ ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಬಣ್ಣದ ಮೋಡವೇ ಏಳುತ್ತದೆ, ಕಣ್ಣಿಗೇ ಕಾಣುತ್ತದೆ. ದಡದಲ್ಲಿ ಒತ್ತಡದ ನೀರು ಬಿಟ್ಟು ತೊಳೆದರೂ ಆ ನೀರು ಇಳಿಜಾರಿನಲ್ಲಿ ವಾಪಸ್ ಹೋದರೆ ಅದೇ ಕಥೆ. ಸರಿಯಾದ ಮರೀನಾದಲ್ಲಿ ತೊಳೆಯಲು ಸುತ್ತ ಕಟ್ಟೆ ಇರುವ ಸಿಮೆಂಟ್ ಅಂಗಳ ಇರುತ್ತದೆ. ತೊಳೆದ ನೀರು ಗುಂಡಿಗೆ ಇಳಿದು, ಸೋಸಿ, ಮತ್ತೆ ತೊಳೆಯಲು ಬರುತ್ತದೆ. ಬಣ್ಣ ಉಜ್ಜಿ ತೆಗೆಯುವಾಗ ಧೂಳು ಎಳೆದುಕೊಳ್ಳುವ ಯಂತ್ರ ಬಳಸುತ್ತಾರೆ, ಕೆಳಗೆ ಟಾರ್ಪಾಲಿನ್ ಹಾಸುತ್ತಾರೆ. ಗಾಳಿ ಬೀಸುವ ದಿನ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಟಿಕೆಟ್ ಇಲ್ಲದ ಪ್ರಯಾಣಿಕರು

ಜೀಬ್ರಾ ಮಸ್ಸೆಲ್ ಅನ್ನುವುದು ಉಗುರಿನಷ್ಟು ದೊಡ್ಡ, ಪಟ್ಟೆ ಪಟ್ಟೆಯ ಚಿಪ್ಪು ಜೀವಿ. ಅದರ ಮೂಲ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಸುತ್ತಿನ ಪ್ರದೇಶ. ಹಡಗುಗಳು ತೂಕ ಸರಿದೂಗಿಸಲು ತುಂಬಿಕೊಳ್ಳುವ ನೀರಿನಲ್ಲಿ ಸೇರಿ ಉತ್ತರ ಅಮೆರಿಕಕ್ಕೆ ಬಂತು. 1988ರಲ್ಲಿ ಅಮೆರಿಕ–ಕೆನಡಾ ಗಡಿಯ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಆಮೇಲೆ ಅದರ ವಂಶ ನಿಲ್ಲಲೇ ಇಲ್ಲ. ಕುಡಿಯುವ ನೀರಿನ ಕೊಳವೆ, ವಿದ್ಯುತ್ ಸ್ಥಾವರದ ಕೊಳವೆ ಎಲ್ಲದರ ಒಳಗೂ ಪದರ ಪದರವಾಗಿ ಕಟ್ಟಿಕೊಂಡಿತು. ಅದರ ಹತ್ತಿರದ ಸಂಬಂಧಿ ಕ್ವಾಗ್ಗಾ ಮಸ್ಸೆಲ್ 2007ರಲ್ಲಿ ಮರುಭೂಮಿಯ ನಡುವಿನ ಮೀಡ್ ಸರೋವರದಲ್ಲೂ ಕಾಣಿಸಿತು. ನೀರಿನ ದಾರಿಯೇ ಇಲ್ಲದ ಅಂಥ ಕಡೆಗೆ ಇವು ಹೋಗುವ ಮುಖ್ಯ ವಾಹನ ಟ್ರೇಲರ್ ಮೇಲಿನ ಬೋಟು.

ಇದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಬಿಲ್ಜಿನ ಒಂದು ಚೊಂಬು ನೀರಿನಲ್ಲಿ ಎಷ್ಟೋ ಇರಬಹುದು. ಬೆಳೆದವು ನೀರಿನ ಹೊರಗೂ ತಂಪು ಜಾಗದಲ್ಲಿ ದಿನಗಟ್ಟಲೆ ಬದುಕುತ್ತವೆ. ಕಳೆ ಗಿಡಗಳದ್ದೂ ಇದೇ ಕಥೆ. ಪ್ರೊಪೆಲ್ಲರಿಗೆ ಸುತ್ತಿಕೊಂಡ ಒಂದು ತುಂಡು ಸಾಕು, ಹೊಸ ಕೆರೆಯಲ್ಲಿ ಚಿಗುರುತ್ತದೆ. ಹಾಗಾಗಿ ಬೋಟನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯುವ ಮೊದಲು ಕಳೆ, ಕೆಸರು ತೆಗೆಯಬೇಕು, ಒಳಗಿನ ನೀರನ್ನೆಲ್ಲ ಅಲ್ಲೇ ಬಸಿಯಬೇಕು, ಚೆನ್ನಾಗಿ ಒಣಗಿಸಬೇಕು. ಒಣಗಿಸಲು ಸಮಯ ಇಲ್ಲದಿದ್ದರೆ ಸುಮಾರು 60 ಡಿಗ್ರಿಯ ಬಿಸಿನೀರಿನಲ್ಲಿ ತೊಳೆಯಬೇಕು. ತಣ್ಣೀರು ಎರಚಿದರೆ ಅವಕ್ಕೆ ಸ್ನಾನ ಮಾಡಿಸಿದ ಹಾಗಷ್ಟೇ.

ಲಂಗರು ಮತ್ತು ಅಲೆ

ಇವೆರಡರಿಂದ ನೀರಿಗೆ ಯಾವ ವಿಷವೂ ಸೇರುವುದಿಲ್ಲ, ಹಾನಿ ಮಾತ್ರ ಆಗುತ್ತದೆ. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಪೊಸಿಡೋನಿಯಾ ಅನ್ನುವ ಕಡಲಹುಲ್ಲು ಬೆಳೆಯುತ್ತದೆ. ಮೀನಿನ ಮರಿಗಳಿಗೆ ಅದೇ ತೊಟ್ಟಿಲು. ಅದು ಅಡ್ಡಡ್ಡ ಹಬ್ಬುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಲಂಗರು ಎತ್ತುವಾಗ ಒಂದು ಹಿಡಿ ಬೇರುಸಮೇತ ಕಿತ್ತು ಬಂದರೆ ಆ ಗುಳಿ ತುಂಬಲು ವರ್ಷಗಳೇ ಬೇಕು. ಲಂಗರಿಗಿಂತ ಸರಪಳಿಯ ಹಾನಿ ಹೆಚ್ಚು. ಗಾಳಿಗೆ ಬೋಟು ತಿರುಗಿದಂತೆಲ್ಲ ಸರಪಳಿ ತಳದಲ್ಲಿ ಎಳೆದಾಡಿ ದೊಡ್ಡ ವೃತ್ತವನ್ನೇ ಬೋಳು ಮಾಡುತ್ತದೆ. ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ 2018ರಿಂದ ಈ ಹುಲ್ಲಿನ ಮೇಲೆ ಲಂಗರು ಹಾಕುವಂತಿಲ್ಲ. ತಳದಲ್ಲಿ ಮರಳು ಇರುವ ಕಡೆ ಲಂಗರು ಹಾಕುವುದು, ಇಲ್ಲವೇ ತಳಕ್ಕೆ ಮೊದಲೇ ಬಿಗಿದು ತೇಲಿಬಿಟ್ಟ ಗುಂಡಿಗೆ (ಬೋಯಿ) ಬೋಟನ್ನು ಕಟ್ಟುವುದು ಇದಕ್ಕೆ ಉಪಾಯ.

ಬೋಟು ಎಬ್ಬಿಸುವ ಅಲೆ ದಡದ ಮಣ್ಣು ಕೊರೆಯುತ್ತದೆ, ತಳ ಕದಡುತ್ತದೆ, ಹಕ್ಕಿ ಗೂಡುಗಳನ್ನು ತೋಯಿಸುತ್ತದೆ. ಇಲ್ಲೊಂದು ತಮಾಷೆ ಇದೆ. ವೇಗ ಹೆಚ್ಚಿದಷ್ಟೂ ಅಲೆ ದೊಡ್ಡದು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ವೇಗದ ಬೋಟು ನೀರಿನ ಮೇಲೆ ಏರಿ ಜಾರತೊಡಗಿದ ಮೇಲೆ ಅಲೆ ಸಣ್ಣದಾಗುತ್ತದೆ. ಅತಿ ದೊಡ್ಡ ಅಲೆ ಏಳುವುದು ಏರುವ ಮುಂಚೆ, ಮೂತಿ ಮೇಲೆತ್ತಿ ಬಾಲ ಮುಳುಗಿಸಿಕೊಂಡು ಒದ್ದಾಡುವ ನಡುವಿನ ವೇಗದಲ್ಲಿ. ದಡ ಬಂತು ಅಂತ ಅರ್ಧ ವೇಗಕ್ಕೆ ಇಳಿಸಿದವರು ಎಷ್ಟೋ ಸಲ ಇನ್ನೂ ದೊಡ್ಡ ಅಲೆ ಎಬ್ಬಿಸುತ್ತಾರೆ. ಇಳಿಸುವುದಾದರೆ ಬೋಟು ಮಟ್ಟವಾಗಿ ಕೂರುವಷ್ಟು ಇಳಿಸಬೇಕು.

ಕಸ, ಸೋಪು, ಮೀನಿನ ತಲೆ

ಪ್ಲಾಸ್ಟಿಕ್ಕಿನ ವಿಷಯದಲ್ಲಿ ಗೊಂದಲ ಇಲ್ಲ. ಮಾರ್ಪೋಲ್‌ನ ಐದನೇ ಅನುಬಂಧ 1988ರ ಕೊನೆಯಿಂದ ಜಾರಿಯಲ್ಲಿದೆ. ಅದು ಮೋಜಿನ ಬೋಟಿಗೂ ಅನ್ವಯಿಸುತ್ತದೆ. ಪ್ಲಾಸ್ಟಿಕ್ ಎಸೆಯಲು ಯಾವ ಸಮುದ್ರದಲ್ಲೂ, ಎಷ್ಟೇ ದೂರದಲ್ಲೂ ಅನುಮತಿ ಇಲ್ಲ. ಹರಿದ ಹಗ್ಗ, ಮೀನಿನ ಗಾಳದ ದಾರ ಎಲ್ಲ ಇದರಲ್ಲೇ ಬಂತು.

ಡೆಕ್ ತೊಳೆಯುವ ಸೋಪಿನ ಡಬ್ಬಿಯ ಮೇಲೆ 'ಜೈವಿಕವಾಗಿ ಕರಗುತ್ತದೆ' ಅಂತ ಬರೆದಿದ್ದರೆ ನೆಮ್ಮದಿಯಾಗಿ ಸುರಿಯುವವರು ಜಾಸ್ತಿ. ಕರಗುತ್ತದೆ ನಿಜ, ಆದರೆ ಕಾಲಾವಕಾಶ ಬೇಕು. ಅಲ್ಲಿಯವರೆಗೆ ಅದೂ ಸೋಪೇ. ಪ್ರತಿ ಸಲ ಓಡಿಸಿದ ಮೇಲೆ ಬರೀ ಸಿಹಿನೀರು ಹಾಕಿ ಉಜ್ಜಿದರೆ ಸೋಪಿನ ಅಗತ್ಯವೇ ಕಡಿಮೆಯಾಗುತ್ತದೆ. ಮೀನು ಹೆಚ್ಚಿದ ತ್ಯಾಜ್ಯವೂ ಹೀಗೇ. ಪ್ರಕೃತಿಯದೇ ವಸ್ತು, ಎಸೆದರೇನು ಅನ್ನಿಸುತ್ತದೆ. ತೆರೆದ ಕಡಲಿನಲ್ಲಿ ಅದನ್ನು ತಿನ್ನುವವರು ಇದ್ದಾರೆ. ಮುಚ್ಚಿದ ಮರೀನಾದಲ್ಲಿ ದಿನಾ ನೂರಾರು ಮೀನಿನ ತಲೆ ತಳಕ್ಕೆ ಬಿದ್ದರೆ ಅವು ಕೊಳೆತು ಆಮ್ಲಜನಕ ತಿನ್ನುತ್ತವೆ, ಕೊಳಚೆ ಮಾಡುವ ಕೆಲಸವನ್ನೇ ಮಾಡುತ್ತವೆ.

ಬೋಟು ಹಳೆಯದಾದ ಮೇಲೆ

ಹಳೆಯ ಕಾಲದ ಮರದ ದೋಣಿ ಕೊನೆಗೆ ಸೌದೆಯಾಗುತ್ತಿತ್ತು, ಇಲ್ಲವೇ ಮಣ್ಣಾಗುತ್ತಿತ್ತು. 1960ರ ದಶಕದಿಂದೀಚೆಗೆ ಮೋಜಿನ ಬೋಟುಗಳು ಹೆಚ್ಚಾಗಿ ಫೈಬರ್ ಗ್ಲಾಸಿನವು. ಗಾಜಿನ ನಾರು ಮತ್ತು ರಾಳ ಒಂದಕ್ಕೊಂದು ಬೆಸೆದುಕೊಂಡ ವಸ್ತು ಅದು. ಕರಗಿಸಿ ಮತ್ತೆ ಅಚ್ಚು ಹಾಕಲು ಬರುವುದಿಲ್ಲ. ಕಬ್ಬಿಣದ ಹಾಗೆ ಗುಜರಿಯವರು ಕೊಳ್ಳುವುದೂ ಇಲ್ಲ. ಒಡೆದು ವಿಲೇವಾರಿ ಮಾಡುವ ಖರ್ಚು ಎಷ್ಟೋ ಸಲ ಬೋಟಿನ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಕೆಲವರು ಹೆಸರು ಅಳಿಸಿ, ಯಾವುದಾದರೂ ಹಿನ್ನೀರಿನ ಮೂಲೆಯಲ್ಲಿ ಬಿಟ್ಟು ಹೋಗುತ್ತಾರೆ. ಅದರ ಟ್ಯಾಂಕಿನ ಡೀಸೆಲ್, ಬ್ಯಾಟರಿಯ ಸೀಸ, ತಳದ ತಾಮ್ರ ಎಲ್ಲ ಅಲ್ಲೇ ನಿಧಾನವಾಗಿ ನೀರಿಗಿಳಿಯುತ್ತದೆ.

ಇದಕ್ಕೆ ಯಾರು ದುಡ್ಡು ಕೊಡಬೇಕು ಅನ್ನುವುದು ಬಹಳ ಕಡೆ ಇನ್ನೂ ತೀರ್ಮಾನವಾಗಿಲ್ಲ. ಫ್ರಾನ್ಸ್ 2019ರಲ್ಲಿ ಆ ಹೊಣೆಯನ್ನು ತಯಾರಕರು ಮತ್ತು ಮಾರಾಟಗಾರರ ಮೇಲೆ ಹೊರಿಸಿತು. ಹೊಸ ಬೋಟು ಮಾರುವವರು ಒಂದು ನಿಧಿಗೆ ಹಣ ಕಟ್ಟುತ್ತಾರೆ, ಆ ಹಣದಿಂದ ಹಳೆಯ ಬೋಟುಗಳನ್ನು ಒಡೆಯುತ್ತಾರೆ. ಮಾಲೀಕರು ಬೋಟನ್ನು ಒಡೆಯುವ ಕೇಂದ್ರದವರೆಗೆ ಸಾಗಿಸಿಕೊಟ್ಟರೆ ಸಾಕು, ಒಡೆಯುವುದಕ್ಕೆ ಅವರು ಏನೂ ಕೊಡಬೇಕಾಗಿಲ್ಲ.